ಕಣ್ಣಿಗೆ ಕಾಣದ ಏರು: ದುರ್ಗದ ಗಾಳಿಯಲ್ಲಿ ಸೈಕಲ್ ತುಳಿಯುವ ಲೆಕ್ಕ

ಚಿತ್ರದುರ್ಗದಿಂದ ಚಳ್ಳಕೆರೆಗೆ ಹೋಗುವ ರಸ್ತೆ ಮೇಲ್ನೋಟಕ್ಕೆ ಸೈಕಲ್ ತುಳಿಯುವವರಿಗೆಂದೇ ಹಾಸಿದಂತಿದೆ. ಊರು ದಾಟಿದ ಮೇಲೆ ಬೆಟ್ಟಗಳು ಬೆನ್ನ ಹಿಂದೆ ಸರಿಯುತ್ತವೆ, ಎರಡೂ ಬದಿಯಲ್ಲಿ ಶೇಂಗಾ ಮತ್ತು ಈರುಳ್ಳಿ ಹೊಲಗಳು ತೆರೆದುಕೊಳ್ಳುತ್ತವೆ, ಎದುರಿಗೆ ಹೆದರಿಸುವಂತಹ ದಿಬ್ಬ ಯಾವುದೂ ಕಾಣುವುದಿಲ್ಲ. ಕಳೆದ ಆಷಾಢದ ಒಂದು ಭಾನುವಾರ ಬೆಳಿಗ್ಗೆ ಎಂಟಕ್ಕೆ ಹೊರಟ ನಾನು ಒಂದು ಗಂಟೆ ಐದು ನಿಮಿಷದಲ್ಲಿ ಚಳ್ಳಕೆರೆಯ ಅಂಚನ್ನು ಮುಟ್ಟಿದೆ. ಕಾಲು ಹದಗೊಂಡಿದೆ, ತಿಂಗಳುಗಳ ಅಭ್ಯಾಸ ಕೈಹಿಡಿದಿದೆ ಎಂದು ನಂಬಿದೆ. ಅದೇ ದಾರಿಯಲ್ಲಿ ಮನೆಗೆ ಮರಳಲು ಎರಡೂಮುಕ್ಕಾಲು ಗಂಟೆ ಹಿಡಿಯಿತು. ಸೈಕಲ್ ಅದೇ, ಕಾಲು ಅದೇ, ರಸ್ತೆಯೂ ಅದೇ ಆಗಿರುವಾಗ ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದನ್ನು ಲೆಕ್ಕ ಹಾಕಿ ನೋಡಿದ ಮೇಲೆ, ನಮ್ಮ ಸೀಮೆಯಲ್ಲಿ ಸೈಕಲ್ ತುಳಿಯುವ ಬಗೆಯನ್ನೇ ನಾನು ಬದಲಾಯಿಸಿಕೊಂಡೆ. ಆ ಲೆಕ್ಕವನ್ನು ಇಲ್ಲಿ ಬಿಡಿಸಿಡುತ್ತೇನೆ.

ಏರುತಗ್ಗಿನ ಪಾಲು ಮೊದಲು ನೋಡೋಣ. ಚಿತ್ರದುರ್ಗ ಸಮುದ್ರ ಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿದೆ. ಚಳ್ಳಕೆರೆ ಅದಕ್ಕಿಂತ ಸುಮಾರು 150 ಮೀಟರ್ ತಗ್ಗಿನಲ್ಲಿದೆ. ಈ ಇಳಿತ ಮೂವತ್ತು ಕಿಲೋಮೀಟರಿನ ಆಸುಪಾಸಿನ ದಾರಿಯಲ್ಲಿ ಹಂಚಿಹೋಗುವುದರಿಂದ ಮರಳುವಾಗ ಸರಾಸರಿ ಕಿಲೋಮೀಟರಿಗೆ ಐದು ಮೀಟರ್ ಏರಬೇಕಾಗುತ್ತದೆ. ಇದು ಕಾಲಿಗೆ ಗೊತ್ತಾಗುವ ಏರೇ ಹೌದು, ಆದರೆ ಹೊತ್ತನ್ನು ಎರಡೂವರೆ ಪಟ್ಟು ಹಿಗ್ಗಿಸುವಷ್ಟು ದೊಡ್ಡದಲ್ಲ. ಅಂದು ನನ್ನನ್ನು ತಡೆದದ್ದು ಬೇರೆ ಏರು. ಅದು ಕಣ್ಣಿಗೆ ಕಾಣುವುದಿಲ್ಲ, ನಕಾಶೆಯಲ್ಲಿಯೂ ಇರುವುದಿಲ್ಲ.

ಸೈಕಲ್ ಮುಂದೆ ಸಾಗುವಾಗ ನಮ್ಮ ಕಾಲಿನ ಶಕ್ತಿಯನ್ನು ಮುಖ್ಯವಾಗಿ ಮೂವರು ಹಂಚಿಕೊಳ್ಳುತ್ತಾರೆ: ಎದುರಿನ ಗಾಳಿ, ನೆಲಕ್ಕೆ ಒತ್ತಿ ಉರುಳುವ ಟೈರು ಮತ್ತು ರಸ್ತೆಯ ಏರು. ಚೈನು, ಬೇರಿಂಗುಗಳ ಸವೆತಕ್ಕೆ ಹೋಗುವುದು, ಎಣ್ಣೆ ಬಿಟ್ಟು ಶುಚಿಯಾಗಿಟ್ಟುಕೊಂಡರೆ, ತೀರ ಸಣ್ಣ ಪಾಲು. ಸೈಕಲ್ಲಿನ ತೂಕ ಸೇರಿ 80 ಕಿಲೋ ಇರುವ ಸವಾರನೊಬ್ಬ, ಗಾಳಿ ಇಲ್ಲದ ಹೊತ್ತಿನಲ್ಲಿ, ಸಮತಟ್ಟಾದ ಒಳ್ಳೆಯ ಡಾಂಬರು ರಸ್ತೆಯಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದಾನೆ ಎಂದಿಟ್ಟುಕೊಳ್ಳೋಣ. ಟೈರಿನ ಉರುಳುವಿಕೆಗೆ ಅವನು ಸುಮಾರು 22 ವಾಟ್ ಕೊಡಬೇಕು, ಗಾಳಿಯನ್ನು ಸೀಳಲು ಸುಮಾರು 37 ವಾಟ್ ಕೊಡಬೇಕು. ಎರಡೂ ಸೇರಿ ಅರವತ್ತು ವಾಟಿನ ಹತ್ತಿರಕ್ಕೆ ಬರುತ್ತದೆ. ಹಿಂದೆ ನಮ್ಮ ನಡುಮನೆಗಳಲ್ಲಿ ಹಳದಿ ಬೆಳಕು ಕೊಡುತ್ತಿದ್ದ ಗುಂಡು ಬಲ್ಬು ಉರಿಯಲು ಬೇಕಾಗುತ್ತಿದ್ದುದು ಇಷ್ಟೇ ಶಕ್ತಿ. ಇಷ್ಟರಲ್ಲಿ ಒಬ್ಬ ಮನುಷ್ಯ ಒಂದು ಗಂಟೆಯಲ್ಲಿ 20 ಕಿಲೋಮೀಟರ್ ದೂರ ಸೇರುತ್ತಾನೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಈಗ ಅದೇ ಸವಾರ ವೇಗವನ್ನು 30ಕ್ಕೆ ಏರಿಸಿದರೆ ಟೈರಿನ ಪಾಲು 22ರಿಂದ 33 ವಾಟಿಗೆ ಏರುತ್ತದೆ. ವೇಗ ಒಂದೂವರೆ ಪಟ್ಟಾದದ್ದಕ್ಕೆ ಇದು ಸರಿಯಾದ ಒಂದೂವರೆ ಪಟ್ಟು. ಗಾಳಿಯ ಪಾಲು ಮಾತ್ರ 37ರಿಂದ 124 ವಾಟಿಗೆ ಜಿಗಿಯುತ್ತದೆ. ಇದರ ಕಾರಣ ಹೀಗಿದೆ. ವೇಗ ಇಮ್ಮಡಿಯಾದರೆ ಒಂದು ಸೆಕೆಂಡಿನಲ್ಲಿ ಎದೆಗೆ ಬಂದು ತಾಗುವ ಗಾಳಿಯೂ ಇಮ್ಮಡಿಯಾಗುತ್ತದೆ, ಅದನ್ನು ಪಕ್ಕಕ್ಕೆ ತಳ್ಳಬೇಕಾದ ವೇಗವೂ ಇಮ್ಮಡಿಯಾಗುತ್ತದೆ. ಹಾಗಾಗಿ ತಡೆ ನಾಲ್ಕು ಪಟ್ಟು ಬೆಳೆಯುತ್ತದೆ. ನಾಲ್ಕು ಪಟ್ಟು ಬೆಳೆದ ಆ ತಡೆಯ ಎದುರು ಅದೇ ಒಂದು ಸೆಕೆಂಡಿನಲ್ಲಿ ಎರಡರಷ್ಟು ದೂರ ಸಾಗಬೇಕಾದ್ದರಿಂದ ಬೇಕಾಗುವ ಶಕ್ತಿ ಎಂಟು ಪಟ್ಟಾಗುತ್ತದೆ. ಗಣಿತದ ಮಾತಿನಲ್ಲಿ ಹೇಳುವುದಾದರೆ, ಗಾಳಿಯ ತಡೆ ವೇಗದ ವರ್ಗದಂತೆ ಬೆಳೆಯುತ್ತದೆ, ಅದನ್ನು ಗೆಲ್ಲಲು ಬೇಕಾದ ಶಕ್ತಿ ವೇಗದ ಘನದಂತೆ ಬೆಳೆಯುತ್ತದೆ.

ನಮ್ಮ ಜೋಗಿಮಟ್ಟಿಯ ಸಾಲಿನ ಮೇಲೆ ನಿಂತ ಗಾಳಿಯಂತ್ರಗಳು ಇದೇ ನಿಯಮದ ಇನ್ನೊಂದು ಮುಖ. ಗಾಳಿಯ ವೇಗ ಇಮ್ಮಡಿಯಾದರೆ ಗಾಳಿಯಲ್ಲಿ ರೆಕ್ಕೆಗಳಿಗೆ ದೊರೆಯುವ ಶಕ್ತಿ ಎಂಟು ಪಟ್ಟು. ಈ ಕಾರಣಕ್ಕೇ ಸ್ವಲ್ಪ ಹೆಚ್ಚು ಗಾಳಿ ಬೀಸುವ ಗುಡ್ಡದ ನೆತ್ತಿಯನ್ನು ಹುಡುಕಿ ಅವುಗಳನ್ನು ನಿಲ್ಲಿಸುತ್ತಾರೆ. ದುರ್ಗದ ಬೆಟ್ಟದ ಸಾಲುಗಳು ಹೆಚ್ಚುಕಡಿಮೆ ವಾಯವ್ಯದಿಂದ ಆಗ್ನೇಯಕ್ಕೆ ಚಾಚಿಕೊಂಡಿವೆ. ಮುಂಗಾರಿನ ಗಾಳಿ ನೈಋತ್ಯದಿಂದ, ಪಡುವಣದಿಂದ ಬರುತ್ತದೆ. ಅಂದರೆ ಗೋಡೆಗೆ ಎದುರಾಗಿ ಬಂದಂತೆ ಗಾಳಿ ಈ ಸಾಲುಗಳಿಗೆ ಅಡ್ಡ ಬಂದು, ನೆತ್ತಿ ಹತ್ತುವಾಗ ಒತ್ತರಿಸಿಕೊಂಡು ವೇಗ ಪಡೆಯುತ್ತದೆ. ಗಾಳಿಯಂತ್ರಕ್ಕೆ ಆದಾಯ ತರುವ ಅದೇ ಘನದ ಲೆಕ್ಕ ಕೆಳಗೆ ರಸ್ತೆಯಲ್ಲಿ ಸೈಕಲ್ ತುಳಿಯುವವನ ತೊಡೆಯಿಂದ ಶಕ್ತಿಯನ್ನು ಹೀರುತ್ತದೆ. ನಮ್ಮ ಊರು ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ಮಂಗಳೂರಿನ ಕಡಲ ತೀರದ ಗಾಳಿಗಿಂತ ಶೇಕಡಾ 7–8ರಷ್ಟು ತೆಳು ಎಂಬುದೊಂದು ಸಣ್ಣ ಲಾಭ. ಆಷಾಢದ ರಭಸದ ಮುಂದೆ ಅದು ಲೆಕ್ಕಕ್ಕೆ ಬರುವುದಿಲ್ಲ.

ಎದುರುಗಾಳಿ ಬಂದಾಗ ಏನಾಗುತ್ತದೆ ಎಂಬುದನ್ನು ಹೆಚ್ಚಿನವರು ತಪ್ಪಾಗಿ ಅಂದಾಜು ಮಾಡುತ್ತಾರೆ. ನಾನೂ ಹಾಗೆಯೇ ಮಾಡಿದ್ದೆ. ಗಂಟೆಗೆ 15 ಕಿಲೋಮೀಟರ್ ವೇಗದ ಗಾಳಿ ಎಂದರೆ ಎಲೆಗಳು, ಸಣ್ಣ ಟೊಂಗೆಗಳು ಎಡೆಬಿಡದೆ ಅಲುಗಾಡುವಷ್ಟು ಗಾಳಿ. ನಮ್ಮ ಕಡೆ ಅದನ್ನು ಗಾಳಿಯೆಂದು ಯಾರೂ ಎಣಿಸುವುದಿಲ್ಲ. ಅದನ್ನು ಎದುರಿಸಿ 20 ಕಿಲೋಮೀಟರ್ ವೇಗವನ್ನೇ ಕಾಯ್ದುಕೊಳ್ಳಬೇಕಾದರೆ ನಮ್ಮ ಸವಾರ 60 ವಾಟಿನ ಬದಲು ಸುಮಾರು 135 ವಾಟ್ ಕೊಡಬೇಕಾಗುತ್ತದೆ. ಏರಿನ ಭಾಷೆಯಲ್ಲಿ ಹೇಳುವುದಾದರೆ, ಕಿಲೋಮೀಟರಿಗೆ 17 ಮೀಟರ್ ಏರುವ ದಿಬ್ಬವನ್ನು ಹತ್ತಿದಂತೆ. ಗಾಳಿಯ ವೇಗ 25 ಕಿಲೋಮೀಟರ್ ಆದರೆ ಅದು ಕಿಲೋಮೀಟರಿಗೆ 34 ಮೀಟರಿನ ದಿಬ್ಬಕ್ಕೆ ಸಮನಾಗುತ್ತದೆ. ಚಳ್ಳಕೆರೆಯಿಂದ ಮರಳುವಾಗ ರಸ್ತೆಯ ನಿಜವಾದ ಏರು ಕಿಲೋಮೀಟರಿಗೆ ಐದು ಮೀಟರ್ ಎಂದು ಮೇಲೆ ಹೇಳಿದೆ. ಸಾಧಾರಣ ಗಾಳಿಯೇ ಅದರ ಮೂರು ಪಟ್ಟಿಗಿಂತ ಹೆಚ್ಚಿನ ಏರನ್ನು ಅದರ ಮೇಲೆ ಹೇರುತ್ತದೆ. ಮಣ್ಣಿನ ದಿಬ್ಬಕ್ಕೆ ಒಂದು ನೆತ್ತಿ ಇರುತ್ತದೆ, ಹತ್ತಿದ ಮೇಲೆ ಇಳಿತ ಸಿಗುತ್ತದೆ. ಗಾಳಿಯ ದಿಬ್ಬ ಮನೆಯ ಬಾಗಿಲವರೆಗೂ ಮುಗಿಯುವುದಿಲ್ಲ.

ಹೋಗುವಾಗ ಎದುರುಗಾಳಿಗೆ ಕಳೆದುಕೊಂಡದ್ದನ್ನು ಬರುವಾಗ ಹಿಂಗಾಳಿ ತುಂಬಿಕೊಡುತ್ತದಲ್ಲ ಎಂದು ಕೇಳಬಹುದು. ತುಂಬಿಕೊಡುವುದಿಲ್ಲ. ಸವಾರ ಎರಡೂ ಕಡೆ 60 ವಾಟಿನಷ್ಟೇ ಶಕ್ತಿ ಹಾಕುತ್ತಾನೆ ಎಂದುಕೊಂಡು ಸಮತಟ್ಟಾದ 20 ಕಿಲೋಮೀಟರ್ ದಾರಿಯ ಲೆಕ್ಕ ಮಾಡೋಣ. ಗಾಳಿ ಇಲ್ಲದಿದ್ದರೆ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ. 15 ಕಿಲೋಮೀಟರ್ ಗಾಳಿ ಎದುರಾದರೆ ಅವನ ವೇಗ 13ರ ಹತ್ತಿರಕ್ಕೆ ಕುಸಿಯುತ್ತದೆ, ಬೆನ್ನಿಗೆ ಬಂದರೆ 29ರ ಹತ್ತಿರಕ್ಕೆ ಏರುತ್ತದೆ. ಎದುರುಗಾಳಿಯ ದಾರಿಗೆ ಸುಮಾರು 95 ನಿಮಿಷ, ಹಿಂಗಾಳಿಯ ದಾರಿಗೆ ಸುಮಾರು 41 ನಿಮಿಷ ಆಗುತ್ತದೆ. ಒಟ್ಟು 136 ನಿಮಿಷ, ಅಂದರೆ ಗಾಳಿಯಿಲ್ಲದ ದಿನಕ್ಕಿಂತ ಕಾಲು ಗಂಟೆ ಹೆಚ್ಚು. ನಿಧಾನವಾಗಿ ಸಾಗುವ ಹೊತ್ತಿನಲ್ಲಿ ನಾವು ಹೆಚ್ಚು ಕಾಲ ಸಿಕ್ಕಿಬಿದ್ದಿರುತ್ತೇವೆ, ವೇಗವಾಗಿ ಸಾಗುವ ಸುಖ ಬೇಗ ಮುಗಿದುಹೋಗುತ್ತದೆ. ಸರಾಸರಿ ವೇಗವನ್ನು ಎರಡು ಸಂಖ್ಯೆ ಕೂಡಿಸಿ ಅರ್ಧ ಮಾಡಿ ತೆಗೆಯುವವರಿಗೆ ಈ ನಷ್ಟ ಕಾಣುವುದೇ ಇಲ್ಲ.

ಈ ನಷ್ಟವನ್ನು ಪೂರ್ತಿ ತಪ್ಪಿಸಲಾಗದಿದ್ದರೂ ಅದನ್ನು ಯಾವಾಗ ತೆರಬೇಕು ಎಂಬುದು ನಮ್ಮ ಕೈಯಲ್ಲಿದೆ. ದುರ್ಗದಿಂದ ಹೊಳಲ್ಕೆರೆ ಇರುವುದು ನೈಋತ್ಯಕ್ಕೆ, ಚಳ್ಳಕೆರೆ ಇರುವುದು ಮೂಡಣಕ್ಕೆ, ಕೊಂಚ ಈಶಾನ್ಯಕ್ಕೆ ವಾಲಿ. ಎರಡೂ ಊರುಗಳು ಮೂವತ್ತು ಕಿಲೋಮೀಟರಿನ ಆಸುಪಾಸಿನಲ್ಲಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳಲ್ಕೆರೆ ದಿಕ್ಕಿಗೆ ಹೊರಟರೆ ಕಾಲು ತಾಜಾ ಇರುವಾಗಲೇ ಗಾಳಿಯನ್ನು ಎದುರಿಸಿ, ದಣಿದ ಮೇಲೆ ಅದನ್ನು ಬೆನ್ನಿಗೆ ಹಾಕಿಕೊಂಡು ಮನೆಗೆ ಬರಬಹುದು. ಅದೇ ತಿಂಗಳುಗಳಲ್ಲಿ ಚಳ್ಳಕೆರೆಗೆ ಹೊರಟವರನ್ನು ಗಾಳಿ ಸರಾಗವಾಗಿ ಒಯ್ದು ದೂರದಲ್ಲಿ ಬಿಡುತ್ತದೆ. ಬಿಸಿಲೇರಿದ ಮೇಲೆ ನೀರು ಮುಗಿದ ಬಾಟಲಿಯೊಂದಿಗೆ ಅದನ್ನು ಎದುರಿಸಿಯೇ ಹಿಂದಿರುಗಬೇಕು. ನವೆಂಬರ್, ಡಿಸೆಂಬರ್ ಹೊತ್ತಿಗೆ ಗಾಳಿ ಮೂಡಣಕ್ಕೆ, ಈಶಾನ್ಯಕ್ಕೆ ತಿರುಗುತ್ತದೆ. ಆಗ ಚಳ್ಳಕೆರೆಯ ರಸ್ತೆಯ ಸರದಿ. ಗಾಳಿ ಬಂದಾಗ ತೂರಿಕೋ ಎಂದು ಕಣದಲ್ಲಿ ನಿಂತ ರೈತರು ಹೇಳಿದ ಮಾತು ಸೈಕಲ್ಲಿಗೂ ಸಲ್ಲುತ್ತದೆ. ಯಾವ ದಿಕ್ಕಿಗೆ ನಿಂತು ತೂರಬೇಕು ಎಂಬುದನ್ನು ಅವರೂ ಮೊದಲು ನೋಡಿಕೊಳ್ಳುತ್ತಾರೆ.

ಗಾಳಿಯ ದಿಕ್ಕು ತಿಳಿಯಲು ನಮ್ಮ ಜಿಲ್ಲೆಯವರು ಮೊಬೈಲ್ ತೆಗೆಯಬೇಕಾಗಿಯೂ ಇಲ್ಲ. ನಮ್ಮ ಗುಡ್ಡಗಳ ಮೇಲಿನ ಮೂರು ರೆಕ್ಕೆಯ ಗಾಳಿಯಂತ್ರಗಳು ತಮ್ಮ ಮುಖವನ್ನು ಸದಾ ಗಾಳಿ ಬರುವ ಕಡೆಗೆ ತಿರುಗಿಸಿಕೊಳ್ಳುತ್ತವೆ. ಕಂಬದ ತುದಿಯಲ್ಲಿ ಪೆಟ್ಟಿಗೆಯಂತಹ ಒಂದು ಭಾಗವಿರುತ್ತದೆ, ರೆಕ್ಕೆಗಳು ಅದರ ಮುಂದೆ ಇರುತ್ತವೆ. ನಾವು ಗಾಳಿಯಂತ್ರದ ಕಡೆಗೆ ಸಾಗುತ್ತಿರುವಾಗ ರೆಕ್ಕೆಗಳೇ ಮೊದಲು ಕಂಡು, ಪೆಟ್ಟಿಗೆ ಅವುಗಳ ಹಿಂದೆ ಮರೆಯಾಗಿದ್ದರೆ ಯಂತ್ರ ನಮ್ಮತ್ತ ಮುಖ ಮಾಡಿದೆ ಎಂದರ್ಥ. ಗಾಳಿ ನಮ್ಮ ಬೆನ್ನಿಗಿದೆ. ಪೆಟ್ಟಿಗೆಯ ಹಿಂಬದಿ ಮುಂದಾಗಿ ಕಂಡು ರೆಕ್ಕೆಗಳು ಅದರಾಚೆ ಸುತ್ತುತ್ತಿದ್ದರೆ ಗಾಳಿ ನಮಗೆ ಎದುರು. ಪಕ್ಕದಿಂದ ಕಂಡರೆ ಅಡ್ಡಗಾಳಿ. ಇದನ್ನು ತಿಳಿದ ಮೇಲೆ ಮನೆಯ ತಾರಸಿಯಿಂದ ಒಮ್ಮೆ ಗುಡ್ಡದ ಕಡೆ ನೋಡಿಯೇ ದಾರಿ ನಿರ್ಧರಿಸುವುದು ನನಗೆ ರೂಢಿಯಾಗಿದೆ.

ಒಂದು ಎಚ್ಚರಿಕೆ ಇದೆ. ಬೆಳಗಿನ ಐದೂವರೆಗೆ ಗುಡ್ಡದ ಮೇಲೆ ರೆಕ್ಕೆಗಳು ಜೋರಾಗಿ ಸುತ್ತುತ್ತಿದ್ದರೂ ಕೆಳಗೆ ರಸ್ತೆಯಲ್ಲಿ ಊದುಬತ್ತಿಯ ಹೊಗೆ ನೆಟ್ಟಗೆ ಏಳುವಷ್ಟು ನಿಶ್ಚಲವಾಗಿರಬಹುದು. ರಾತ್ರಿಯಿಡೀ ತಣಿದ ನೆಲ ತನಗೆ ಅಂಟಿದ ಗಾಳಿಯನ್ನೂ ತಣಿಸುತ್ತದೆ. ತಣ್ಣನೆಯ ಭಾರವಾದ ಆ ಪದರ ಮೇಲಿನ ವೇಗದ ಗಾಳಿಯೊಂದಿಗೆ ಬೆರೆಯದೆ ನೆಲದ ಮೇಲೆಯೇ ಮಲಗಿರುತ್ತದೆ. ಸೂರ್ಯ ನೆಲವನ್ನು ಕಾಯಿಸಿದ ಮೇಲೆ ಕೆಳಗಿನ ಗಾಳಿ ಬಿಸಿಯಾಗಿ ಮೇಲೇಳುತ್ತದೆ, ಅದರ ಜಾಗಕ್ಕೆ ಮೇಲಿನ ವೇಗದ ಗಾಳಿ ಇಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಈ ಬೆರಕೆ ಪೂರ್ಣವಾಗಿ ನಡೆದಿರುತ್ತದೆ. ಹಾಗಾಗಿ ನಮ್ಮಲ್ಲಿ ಬೆಳಗಿನ ಸವಾರಿ ಬಿಸಿಲಿಗಷ್ಟೇ ಹೆದರಿ ಮಾಡಿಕೊಂಡ ಏರ್ಪಾಡಲ್ಲ. ಐದೂವರೆಗೆ ಹೊರಟು ಎಂಟೂವರೆಯ ಒಳಗೆ ಮನೆ ಸೇರುವವರು ಎಂಟಕ್ಕೆ ಹೊರಡುವವರಿಗಿಂತ ನಿಜವಾಗಿಯೂ ಕಡಿಮೆ ಏರನ್ನು ಹತ್ತುತ್ತಾರೆ. ಆಷಾಢದಲ್ಲಿ ಗಾಳಿ ರಾತ್ರಿಯೂ ಪೂರ್ತಿ ಮಲಗುವುದಿಲ್ಲವಾದರೂ ನಸುಕಿನಲ್ಲಿ ಅದರ ಬಲ ಕುಗ್ಗಿರುತ್ತದೆ.

ಅಡ್ಡಗಾಳಿಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಅದು ಶಕ್ತಿಗಿಂತ ಹೆಚ್ಚಾಗಿ ಜೀವಕ್ಕೆ ಸಂಬಂಧಿಸಿದ ವಿಷಯ. ದಾವಣಗೆರೆ ನಮಗೆ ವಾಯವ್ಯದಲ್ಲಿ, ಸುಮಾರು 60 ಕಿಲೋಮೀಟರ್ ದೂರದಲ್ಲಿದೆ. ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ, ಅಂದರೆ ಇಂದಿನ ರಾಷ್ಟ್ರೀಯ ಹೆದ್ದಾರಿ 48ರಲ್ಲಿ, ದಾವಣಗೆರೆಗೆ ಹೋಗುವಾಗ ಮುಂಗಾರಿನ ಗಾಳಿ ಎಡದಿಂದ ತಾಗುತ್ತದೆ, ಮರಳುವಾಗ ಬಲದಿಂದ ತಾಗುತ್ತದೆ. ಬಲದಿಂದ ತಾಗುವ ಗಾಳಿಗೆ ಸವಾರ ತನಗರಿವಿಲ್ಲದೆಯೇ ಬಲಕ್ಕೆ ತುಸು ಒರಗಿ ಸಮತೋಲ ಕಾಯ್ದುಕೊಂಡಿರುತ್ತಾನೆ. ಆ ಹೊತ್ತಿನಲ್ಲಿ ದೊಡ್ಡ ಲಾರಿಯೊಂದು ಬಲಬದಿಯಿಂದ ಹಾದುಹೋದರೆ ಗಾಳಿಗೆ ಇದ್ದಕ್ಕಿದ್ದಂತೆ ಮರೆ ಬೀಳುತ್ತದೆ. ಒರಗಿಕೊಂಡಿದ್ದ ಆಸರೆ ತಪ್ಪಿದ ಸೈಕಲ್ ಲಾರಿಯ ಕಡೆಗೇ ವಾಲುತ್ತದೆ. ಲಾರಿ ದಾಟಿದ ಮರುಕ್ಷಣ ತಡೆದಿದ್ದ ಗಾಳಿ ಒಮ್ಮೆಲೇ ಬಂದು ಎಡಕ್ಕೆ ನೂಕುತ್ತದೆ. ಎರಡೂ ಸೆಳೆತಗಳು ಒಂದೆರಡು ಸೆಕೆಂಡಿನೊಳಗೆ ಮುಗಿಯುತ್ತವೆ. ಈ ದಾರಿಯಲ್ಲಿ ಸರ್ವೀಸ್ ರಸ್ತೆ ಸಿಕ್ಕಲ್ಲೆಲ್ಲ ಅದನ್ನೇ ಹಿಡಿಯಬೇಕು, ಹಿಂದಿನಿಂದ ದೊಡ್ಡ ವಾಹನದ ಸದ್ದು ಕೇಳಿದಾಗ ಹ್ಯಾಂಡಲನ್ನು ಬಿಗಿಯಾಗಿ ಹಿಡಿಯದೆ ಮೊಣಕೈಯನ್ನು ಸಡಿಲ ಬಿಟ್ಟು ಬಗ್ಗಬೇಕು. ಗಾಳಿ ಜೋರಿರುವ ದಿನ ಆ ಹೆದ್ದಾರಿಗೆ ಹೋಗದಿರುವುದೇ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ಎದುರುಗಾಳಿಗೆ ನಮ್ಮಲ್ಲಿರುವ ಮೊದಲ ಉತ್ತರ ಮೈಯನ್ನು ಬಗ್ಗಿಸುವುದು. ನೆಟ್ಟಗೆ ಕೂತ ಸವಾರನ ಎದೆ ಗಾಳಿಗೆ ಹಾಯಿಯಾಗುತ್ತದೆ. ಮೊಣಕೈ ಮಡಿಸಿ ಎದೆಯನ್ನು ತಗ್ಗಿಸಿದರೆ ಖರ್ಚಿಲ್ಲದೆ ತಡೆ ಇಳಿಯುತ್ತದೆ. ಒಬ್ಬರ ಹಿಂದೆ ಒಬ್ಬರು ಹತ್ತಿರವಾಗಿ ಸಾಗಿದರೆ ಹಿಂದಿನವರಿಗೆ ಗಾಳಿಯ ತಡೆ ಗಣನೀಯವಾಗಿ ಕಡಿಮೆಯಾಗುತ್ತದೆ. ಗುಂಪಿನಲ್ಲಿ ಹೋಗುವವರು ಮುಂದಿನ ಜಾಗವನ್ನು ಸರದಿಯಂತೆ ಹಂಚಿಕೊಳ್ಳುವುದು ಇದಕ್ಕೇ. ಆದರೆ ಮುಂದಿನವರು ಗುಂಡಿ ಕಂಡಾಗ ಕೈಸನ್ನೆ ಮಾಡುವಷ್ಟು ಪಳಗಿರಬೇಕು. ಅದಿಲ್ಲದಿದ್ದರೆ ಉಳಿಸಿದ ಶಕ್ತಿಗಿಂತ ಬಿದ್ದ ಪೆಟ್ಟು ದೊಡ್ಡದಾಗುತ್ತದೆ.

ಎರಡನೆಯ ಉತ್ತರ ಗೇರು. ಗೇರು ಶಕ್ತಿಯನ್ನು ಹೆಚ್ಚಿಸುತ್ತದೆ ಎಂಬ ತಪ್ಪು ಕಲ್ಪನೆ ವ್ಯಾಪಕವಾಗಿದೆ. ಅದು ನಮ್ಮಲ್ಲಿರುವ ಶಕ್ತಿಯನ್ನು ಕಾಲಿಗೆ ಒಗ್ಗುವ ಲಯದಲ್ಲಿ ಕೊಡಲು ನೆರವಾಗುತ್ತದೆ, ಅಷ್ಟೇ. ಮುಂದಿನ ಚೈನ್‌ವೀಲಿನಲ್ಲಿ 50 ಹಲ್ಲು, ಹಿಂದೆ 25 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತು ಬಂದಾಗ ಚಕ್ರ ಎರಡು ಸುತ್ತು ಬರುತ್ತದೆ. ರಸ್ತೆ ಸೈಕಲ್ಲಿನ ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. ಹಾಗಾಗಿ ಒಂದು ತುಳಿತದ ಸುತ್ತಿಗೆ 4.2 ಮೀಟರ್ ಸಾಗುತ್ತೇವೆ. ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 20 ಕಿಲೋಮೀಟರ್ ಆಗುತ್ತದೆ. ಗಾಳಿ ಎದುರಾಗಿ ವೇಗ 13ರ ಹತ್ತಿರಕ್ಕೆ ಕುಸಿದಾಗ ಅದೇ ಗೇರಿನಲ್ಲಿ ಹಟ ಹಿಡಿದರೆ ಪೆಡಲ್ ನಿಮಿಷಕ್ಕೆ 50 ಸುತ್ತಿಗೆ ಇಳಿಯುತ್ತದೆ. ಅಷ್ಟೇ ಶಕ್ತಿಯನ್ನು 50 ಸುತ್ತಿನಲ್ಲಿ ಕೊಡಬೇಕಾದಾಗ ಪ್ರತಿ ತುಳಿತದ ಒತ್ತಡ 1.6 ಪಟ್ಟು ಹೆಚ್ಚುತ್ತದೆ. ಅದನ್ನು ಹೊರುವುದು ಮಂಡಿ. ಮುಂದೆ 34, ಹಿಂದೆ 27 ಹಲ್ಲಿನ ಜೋಡಿಗೆ ಇಳಿದರೆ ಒಂದು ಸುತ್ತಿಗೆ ಸುಮಾರು 2.6 ಮೀಟರ್ ಸಾಗುತ್ತೇವೆ. ವೇಗ ಅದೇ ಹದಿಮೂರರ ಹತ್ತಿರ ಇದ್ದರೂ ಕಾಲು ಮತ್ತೆ 80 ಸುತ್ತಿನ ಲಯಕ್ಕೆ ಮರಳುತ್ತದೆ. ನನ್ನ ಅಪ್ಪನ ಕಪ್ಪು ಸೈಕಲ್ಲಿಗೆ ಗೇರು ಒಂದೇ. ಒಳಪೆಡಲು ಹೊಡೆಯುತ್ತ ಅದರಲ್ಲಿಯೇ ಕಲಿತ ನನಗೆ ಎದುರುಗಾಳಿ ಬಂದರೆ ಸೀಟಿನಿಂದೆದ್ದು ತುಳಿಯುವುದು ಬಿಟ್ಟು ಬೇರೆ ದಾರಿ ಗೊತ್ತಿರಲಿಲ್ಲ. ಗೇರಿನ ಸೈಕಲ್ ಕೊಂಡ ಮೇಲೂ ವರ್ಷದವರೆಗೆ ಆ ಅಭ್ಯಾಸ ಹೋಗಲಿಲ್ಲ. ಮಂಡಿನೋವು ಅದರಿಂದಲೇ ಬಂತೆಂದು ಬಹಳ ತಡವಾಗಿ ತಿಳಿಯಿತು.

ಮಂಡಿಯ ಮಾತು ಬಂದದ್ದರಿಂದ ಸೀಟಿನ ಎತ್ತರವನ್ನೂ ಹೇಳಿಬಿಡುತ್ತೇನೆ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಕೆಳಕ್ಕೆ ತಂದಾಗ ಕಾಲು ನೇರವಾಗಬೇಕು. ತುಳಿಯುವಾಗ ಪಾದದ ಮುಂಭಾಗ ಪೆಡಲಿನ ಮೇಲಿರುವುದರಿಂದ ಮಂಡಿ ಆಗ ತಾನಾಗಿಯೇ ತುಸು ಮಡಿಸಿರುತ್ತದೆ. ಎರಡೂ ಪಾದ ನೆಲಕ್ಕೆ ಊರುವಂತೆ ಸೀಟನ್ನು ಇಳಿಸಿಕೊಂಡವರು ಪ್ರತಿ ಸುತ್ತಿನಲ್ಲೂ ಮಂಡಿಯನ್ನು ಬೇಕಿದ್ದಕ್ಕಿಂತ ಹೆಚ್ಚು ಮಡಿಸುತ್ತಿರುತ್ತಾರೆ.

ಟೈರಿನ ಪಾಲು ಗಾಳಿಯ ಪಾಲಿಗಿಂತ ಚಿಕ್ಕದಾದರೂ ನಮ್ಮ ರಸ್ತೆಗಳಲ್ಲಿ ಅದನ್ನು ಕಡೆಗಣಿಸುವಂತಿಲ್ಲ. ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಬೆಲ್‌ಫಾಸ್ಟಿನಲ್ಲಿ ಗಾಳಿ ತುಂಬಿದ ಟೈರನ್ನು ರೂಢಿಗೆ ತರುವವರೆಗೆ ಸೈಕಲ್ ಚಕ್ರಕ್ಕೆ ಗಟ್ಟಿ ರಬ್ಬರೇ ಗತಿಯಾಗಿತ್ತು. ಟೈರು ನೆಲಕ್ಕೆ ಒತ್ತಿದಲ್ಲಿ ಚಪ್ಪಟೆಯಾಗುತ್ತದೆ, ಮುಂದೆ ಉರುಳಿದಾಗ ಮತ್ತೆ ದುಂಡಗಾಗುತ್ತದೆ. ಹೀಗೆ ಮಡಿಸಿ ಬಿಡಿಸಿಕೊಳ್ಳುವಾಗ ರಬ್ಬರು ತಾನು ಪಡೆದ ಶಕ್ತಿಯೆಲ್ಲವನ್ನೂ ಹಿಂದಿರುಗಿಸುವುದಿಲ್ಲ, ಒಂದಿಷ್ಟು ಬಿಸಿಯಾಗಿ ಕಳೆದುಹೋಗುತ್ತದೆ. ಗಾಳಿ ಕಡಿಮೆಯಿದ್ದಷ್ಟೂ ಚಪ್ಪಟೆ ಹೆಚ್ಚು, ನಷ್ಟವೂ ಹೆಚ್ಚು. ಹಾಗೆಂದು ಟೈರು ಕಲ್ಲಿನಂತಾಗುವವರೆಗೆ ಪಂಪು ಹೊಡೆಯುವುದು ಸರಿಯಲ್ಲ. ಜಲ್ಲಿ ಎದ್ದ ಒರಟು ಡಾಂಬರಿನ ಮೇಲೆ ಅತಿ ಗಟ್ಟಿಯಾದ ಟೈರು ಪ್ರತಿ ಕಲ್ಲಿಗೂ ಸೈಕಲ್ಲನ್ನು, ಸವಾರನನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಆ ಅದುರಾಟದಲ್ಲಿ ಕಳೆಯುವ ಶಕ್ತಿ ರಬ್ಬರಿನಲ್ಲಿ ಉಳಿಸಿದ ಶಕ್ತಿಯನ್ನು ಮೀರುತ್ತದೆ. 70 ಕಿಲೋ ತೂಕದವರಿಗೆ 25 ಮಿಲಿಮೀಟರ್ ಅಗಲದ ಟೈರಿಗೆ 80–90 ಪಿಎಸ್‌ಐ (ಪಂಪಿನ ಮೇಲೆ ಕಾಣುವ ಒತ್ತಡದ ಅಳತೆ), 28ಕ್ಕೆ 65–75, 32ಕ್ಕೆ 50–60 ಸಾಕಾಗುತ್ತದೆ. ಹೊಸದಾಗಿ ಕೊಳ್ಳುವವರು ನನ್ನನ್ನು ಕೇಳಿದರೆ ನಮ್ಮ ಹಳ್ಳಿ ರಸ್ತೆಗಳಿಗೆ 32 ಮಿಲಿಮೀಟರಿನದನ್ನೇ ಹೇಳುತ್ತೇನೆ.

ಗಾಳಿ ಹೊಡೆಸುವುದರಲ್ಲಿ ಒಂದು ತೊಡಕಿದೆ. ಹಳೆಯ ಸೈಕಲ್ಲಿನ ವಾಲ್‌ಟ್ಯೂಬ್ ಇರುವ ವಾಲ್ವು ಬೇರೆ, ಸ್ಕೂಟರಿನದ್ದು ಬೇರೆ, ರಸ್ತೆ ಸೈಕಲ್ಲಿನ ಸಣಕಲು ಪ್ರೆಸ್ಟಾ ವಾಲ್ವು ಬೇರೆ. ಪಂಕ್ಚರ್ ಅಂಗಡಿಯ ಪೈಪು ಪ್ರೆಸ್ಟಾಕ್ಕೆ ಕೂರುವುದಿಲ್ಲ. ಹಿತ್ತಾಳೆಯ ಪುಟ್ಟ ಅಡಾಪ್ಟರ್ ಒಂದನ್ನು ಸದಾ ಜೇಬಿನಲ್ಲಿಟ್ಟುಕೊಂಡಿರಬೇಕು, ಅಂಗಡಿಯವರಿಗೆ ನಿಧಾನವಾಗಿ ತುಂಬುವಂತೆ ಹೇಳಬೇಕು. ಲಾರಿ ಟೈರಿಗೆ ತುಂಬುವ ಕಂಪ್ರೆಸರ್ ಸಣ್ಣ ಟ್ಯೂಬನ್ನು ಕಣ್ಣು ಮಿಟುಕಿಸುವುದರೊಳಗೆ ಸಿಡಿಸಬಲ್ಲದು.

ಇನ್ನು ಮುಳ್ಳು. ರಸ್ತೆಯ ಎರಡೂ ಬದಿ ಬಳ್ಳಾರಿ ಜಾಲಿ ಬೆಳೆದಿರುವ ನಾಡಿನಲ್ಲಿ ಪಂಕ್ಚರ್ ಎಂಬುದು ಆಕಸ್ಮಿಕವೇನಲ್ಲ. ಭರಮಸಾಗರದ ಕಡೆಗಿನ ಒಂದು ದಾರಿಯಲ್ಲಿ ನನ್ನ ಹಿಂದಿನ ಚಕ್ರದ ಗಾಳಿ ಹೋಯಿತು. ಟ್ಯೂಬ್ ತೆಗೆದು ಹೊಸದನ್ನು ಹಾಕಿದೆ. ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಅದೂ ಇಳಿಯಿತು. ಟೈರನ್ನು ಪೂರ್ತಿ ಕಳಚಿ ಬಿಸಿಲಿಗೆ ಹಿಡಿದು ನೋಡಿದಾಗ ಹೊರಮೈಯಲ್ಲಿ ಎಳ್ಳಿನಷ್ಟು ಕಂದು ಚುಕ್ಕೆ ಮಾತ್ರ ಇತ್ತು. ಒಳಮೈಯಲ್ಲಿ ಕಣ್ಣಿಗೆ ಏನೂ ಕಾಣಲಿಲ್ಲ. ಕರವಸ್ತ್ರವನ್ನು ಒಳಗೆ ಸುತ್ತ ಆಡಿಸಿದಾಗ ಒಂದು ಕಡೆ ನೂಲು ಸಿಕ್ಕಿಕೊಂಡಿತು. ಟೈರನ್ನು ಅಲ್ಲಿ ಮಡಿಸಿದರೆ ಮುರಿದ ಮುಳ್ಳಿನ ತುದಿ, ಒಂದು ಮಿಲಿಮೀಟರಿಗಿಂತ ಹೆಚ್ಚಿಲ್ಲ, ಎದ್ದು ನಿಂತಿತು. ಉಗುರಿನಿಂದ ತೆಗೆಯಲಾಗದೆ ಸೇಫ್ಟಿ ಪಿನ್ನಿನಿಂದ ಹೊರಕ್ಕೆ ನೂಕಬೇಕಾಯಿತು. ಭಾರ ಬಿದ್ದಾಗ ಮಾತ್ರ ಅದು ಒಳಕ್ಕೆ ಚಾಚಿ ಚುಚ್ಚುತ್ತಿತ್ತು. ಅಂದಿನಿಂದ ಟ್ಯೂಬ್ ಬದಲಿಸುವ ಮುನ್ನ ಬಟ್ಟೆಯನ್ನು ಟೈರಿನೊಳಗೆ ಎರಡು ಸುತ್ತು ಆಡಿಸದೆ ಮುಂದುವರಿಯುವುದಿಲ್ಲ. ಬೆರಳು ಆಡಿಸುವವರು ಬೆರಳನ್ನೇ ಕೊಯ್ದುಕೊಳ್ಳುತ್ತಾರೆ, ಬಟ್ಟೆಯೇ ಸರಿ.

ನಗರದೊಳಗಿನ ದಾರಿಗಳಿಗೆ ಬರೋಣ. ಗಾಳಿಯ ದಿನಗಳಲ್ಲಿ ಹೊಸಬರಿಗೆ ನಾನು ಸೂಚಿಸುವುದು ಚಂದ್ರವಳ್ಳಿಯನ್ನು. ಚಿತ್ರದುರ್ಗದ ಬೆಟ್ಟ, ಚೋಳಗುಡ್ಡ, ಕಿರುಬನಕಲ್ಲುಗಳ ನಡುವಿನ ಆ ಕಣಿವೆಗೆ ಬಂಡೆಗಳೇ ಮರೆ. ಮಯೂರಶರ್ಮನ ಶಾಸನವಿರುವ ಆ ಕೆರೆಯ ಬಳಿಗೆ ಊರಿನಿಂದ ಹೋಗುವ ದಾರಿ ಗಿಡ್ಡದಾದರೂ ಗೇರು ಬದಲಿಸುವುದನ್ನು, ಬ್ರೇಕು ಹಿಡಿಯುವುದನ್ನು ಕಲಿಯಲು ಸಾಕು. ದಾವಣಗೆರೆಯವರಿಗೆ ಕುಂದವಾಡ ಕೆರೆಯ ದಂಡೆ ಇದೆ. ಅಲ್ಲಿ ಮರೆಯಿಲ್ಲ, ನೀರಿನ ಮೇಲಿಂದ ಗಾಳಿ ನೇರವಾಗಿ ಬರುತ್ತದೆ. ಕೆರೆ ಸುತ್ತುವುದರಿಂದ ಒಂದೇ ಸುತ್ತಿನಲ್ಲಿ ಎದುರುಗಾಳಿ, ಅಡ್ಡಗಾಳಿ, ಹಿಂಗಾಳಿ ಮೂರನ್ನೂ ಮೈಯಲ್ಲಿ ಅರಿಯಬಹುದು.

ಇಂತಹ ಜಾಗಗಳಲ್ಲಿ ವೇಗದ ಲೆಕ್ಕ ಬೇರೆಯಾಗುತ್ತದೆ. ಬೆಳಗಿನ ಹೊತ್ತು ಅಲ್ಲಿ ಅಜ್ಜಂದಿರು ಮಾತಾಡುತ್ತ ನಡೆಯುತ್ತಿರುತ್ತಾರೆ, ಮಕ್ಕಳು ಯಾವ ಕ್ಷಣದಲ್ಲಾದರೂ ಪಕ್ಕಕ್ಕೆ ಓಡುತ್ತಾರೆ. ಅಪಾಯ ಕಂಡು ಬ್ರೇಕು ಹಿಡಿಯಲು ಒಂದು ಸೆಕೆಂಡ್ ಬೇಕೆಂದುಕೊಂಡರೆ, ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ನಾವು ನಿಲ್ಲುವ ಹೊತ್ತಿಗೆ ಸುಮಾರು ಆರೂವರೆ ಮೀಟರ್ ಸಾಗಿರುತ್ತೇವೆ. 30ರಲ್ಲಿ ಅದು 17 ಮೀಟರ್. ವೇಗ ಇಮ್ಮಡಿಯಾದಾಗ ನಿಲ್ಲುವ ದೂರ ಎರಡೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ನಡೆಯುವವರಿರುವ ದಾರಿಯಲ್ಲಿ ಹದಿನೈದನ್ನು ಮೀರುವ ಹಕ್ಕು ಯಾರಿಗೂ ಇಲ್ಲ ಎಂದು ನಾನು ನಂಬಿದ್ದೇನೆ. ಬೆಲ್ಲನ್ನು ಬೆನ್ನ ಹತ್ತಿರ ಬಂದ ಮೇಲೆ ಹೊಡೆದರೆ ಹಿರಿಯರು ಬೆಚ್ಚಿ, ನಾವು ಹೋಗಬೇಕೆಂದಿದ್ದ ಕಡೆಗೇ ಸರಿಯುತ್ತಾರೆ. ಹತ್ತು ಹದಿನೈದು ಮೀಟರ್ ದೂರದಲ್ಲಿಯೇ ಒಮ್ಮೆ ಮೆಲ್ಲಗೆ ಹೊಡೆದು, ಅವರು ಗಮನಿಸಿದ್ದನ್ನು ನೋಡಿಕೊಂಡು ಬಲಬದಿಯಿಂದ ಹಾಯುವುದು ಸರಿ.

ಊರಾಚೆಗೆ ನುಣುಪಾದ ದಾರಿ ದೊರೆಯುವುದು ಗ್ರಾಮ ರಸ್ತೆಗಳಿಂದ. 2000ನೇ ಇಸವಿಯ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳಿಗೆ ಸಾಮಾನ್ಯವಾಗಿ 3.75 ಮೀಟರ್ ಅಗಲದ ಡಾಂಬರು ಇರುತ್ತದೆ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಅಂಚಿಗೆ ಇಳಿಯಲೇಬೇಕಾಗುತ್ತದೆ. ಇಳಿದ ಮೇಲೆ ಡಾಂಬರಿನ ಅಂಚಿಗೆ ಸಮಾನಾಂತರವಾಗಿ ಚಕ್ರವನ್ನು ಉಜ್ಜುತ್ತ ಮೇಲೇರಲು ನೋಡಿದರೆ ಮುಂದಿನ ಚಕ್ರ ಜಾರಿ ಬೀಳಿಸುತ್ತದೆ. ವೇಗ ತಗ್ಗಿಸಿ, ಅಂಚಿಗೆ ಅಡ್ಡಲಾಗಿ ತಿರುಗಿ ಏರಬೇಕು. ಸುಗ್ಗಿಯ ಕಾಲದಲ್ಲಿ ಇದೇ ರಸ್ತೆಗಳ ಮೇಲೆ ಮೆಕ್ಕೆಜೋಳ ಒಣಗುತ್ತದೆ, ರಾಗಿ, ಹುರುಳಿಯ ಒಕ್ಕಣೆ ನಡೆಯುತ್ತದೆ. ಕಾಳುಗಳು ಟೈರಿನ ಕೆಳಗೆ ಗೋಲಿಗಳಂತೆ ಉರುಳುವುದರಿಂದ ಅವುಗಳ ಮೇಲೆ ಬ್ರೇಕು ಹಿಡಿಯುವುದಾಗಲಿ, ಹ್ಯಾಂಡಲ್ ತಿರುಗಿಸುವುದಾಗಲಿ ಕೂಡದು. ಹುಲ್ಲು ಹಿಂಬದಿಯ ಗೇರಿಗೆ ಸುತ್ತಿಕೊಂಡರೆ ಗೇರಿನ ತೋಳೇ ಮುರಿಯಬಹುದು. ಮೇಲಾಗಿ ಆ ಕಾಳು ರೈತರ ವರ್ಷದ ದುಡಿಮೆಯ ರಾಶಿ. ಇಳಿದು ಸೈಕಲ್ ತಳ್ಳಿಕೊಂಡು ದಾಟಲು ಎರಡು ನಿಮಿಷ ಸಾಕು.

ಈ ವರ್ಷ ಆಷಾಢದಲ್ಲಿ ನಾನು ಹೊಳಲ್ಕೆರೆಯ ದಾರಿ ಹಿಡಿದೆ. ಹೊರಡುವ ಮುನ್ನ ತಾರಸಿ ಹತ್ತಿ ನೋಡಿದಾಗ ಗಾಳಿಯಂತ್ರಗಳೆಲ್ಲ ನೈಋತ್ಯಕ್ಕೆ ಮುಖ ಮಾಡಿದ್ದವು. ಆರು ಗಂಟೆಯಿಂದಲೇ ಸಣ್ಣ ಗೇರಿನಲ್ಲಿ, ಎದೆ ತಗ್ಗಿಸಿಕೊಂಡು, ಗಂಟೆಗೆ ಹದಿನಾಲ್ಕರ ಆಸುಪಾಸಿನಲ್ಲಿ ಸಾಗಿದೆ. ಕಿವಿಯಲ್ಲಿ ಬೆಟ್ಟದ ತೊರೆ ಧುಮುಕುವಂತಹ ಮೊರೆತ ಒಂದೇ ಸಮನೆ ಕೇಳುತ್ತಿತ್ತು. ಹೊಳಲ್ಕೆರೆಗೆ ಇನ್ನೂ ಸ್ವಲ್ಪ ದೂರವಿರುವಾಗ ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ಟೀ ಕುಡಿದು, ಬಾಟಲಿಗೆ ನೀರು ತುಂಬಿಸಿಕೊಂಡು ಸೈಕಲ್ಲನ್ನು ದುರ್ಗದ ಕಡೆಗೆ ತಿರುಗಿಸಿದೆ. ನಾಲ್ಕಾರು ತುಳಿತಕ್ಕೆ ವೇಗ ಇಪ್ಪತ್ತು ದಾಟಿತು, ಕಿವಿಯಲ್ಲಿನ ಮೊರೆತ ನಿಂತೇಹೋಯಿತು. ಗಾಳಿಯೂ ನಾನೂ ಒಂದೇ ವೇಗದಲ್ಲಿ ಸಾಗುತ್ತಿದ್ದೆವು. ಚೈನು ಹಲ್ಲುಗಳ ಮೇಲೆ ಹರಿಯುವ ಸದ್ದು, ಟೈರು ಡಾಂಬರಿಗೆ ಅಂಟಿ ಬಿಡುವ ಸದ್ದು, ರಸ್ತೆಯಾಚೆ ಅಡಿಕೆ ತೋಟದಲ್ಲಿ ಯಾರೋ ಮಾತಾಡುತ್ತಿದ್ದ ಸದ್ದು ಅಲ್ಲಿಯವರೆಗೆ ಇದ್ದರೂ ಕೇಳಿಸಿರಲಿಲ್ಲ.